ಆಕಾಶಗಂಗೆಯಲ್ಲೊಂದು ಎಮು

ತ್ರಿಶಂಕು ನಕ್ಷತ್ರಪುಂಜದ ಎಡಗಡೆ, ಕೆಳಮೂಲೆಗೆ, ಒಂದು ಕಪ್ಪು ಮಚ್ಚೆಯಿದೆ. ಸುತ್ತಲೂ ಆಕಾಶಗಂಗೆಯ ಹಾಲುಬೆಳಕು ಹರಡಿದ್ದರೂ ಆ ಒಂದು ಜಾಗ ಮಾತ್ರ ಬರಿಗಣ್ಣಿಗೆ ಕಪ್ಪಗೇ ಕಾಣುತ್ತದೆ. ಖಗೋಳ ಪುಸ್ತಕಗಳಲ್ಲಿ ಅದರ ಹೆಸರು ಕೋಲ್‌ಸ್ಯಾಕ್. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್‌ನ ಉತ್ತರ ಭಾಗದ ಮೂಲನಿವಾಸಿಗಳಾದ ಕಮಿಲರಾಯ್ ಮತ್ತು ಯುವಲಾಯಿ ಜನರಿಗೆ ಅದು ಎಮು ಹಕ್ಕಿಯ ತಲೆ. ಅಲ್ಲಿಂದ ಆಲ್ಫಾ ಮತ್ತು ಬೀಟಾ ಸೆಂಟಾರಿ ಎಂಬ ಎರಡು ಪ್ರಖರ ನಕ್ಷತ್ರಗಳತ್ತ ಸಾಗುವ ಕಪ್ಪು ಪಟ್ಟಿ ಅದರ ಉದ್ದನೆಯ ಕತ್ತು. ವೃಶ್ಚಿಕದ ಬಾಲದ ಹತ್ತಿರ ಪಟ್ಟಿ ಅಗಲವಾಗಿ ಮೈಯಾಗುತ್ತದೆ, ಅದರಾಚೆ ಕಾಲುಗಳು. ಒಮ್ಮೆ ಗುರುತು ಹಿಡಿದವರಿಗೆ ಮತ್ತೆ ಅದನ್ನು ಕಾಣದೆ ಇರಲು ಸಾಧ್ಯವಾಗುವುದಿಲ್ಲ, ಅಷ್ಟು ದೊಡ್ಡದು, ಅಷ್ಟು ಸ್ಪಷ್ಟ.

ನಮಗೆ ಗೊತ್ತಿರುವ ನಕ್ಷತ್ರಚಿತ್ರಗಳೆಲ್ಲ ಚುಕ್ಕಿಗಳನ್ನು ಸೇರಿಸಿ ಮಾಡಿದವು. ಅವುಗಳಲ್ಲಿ ದೇಶದೇಶಗಳ ನಡುವೆ ಅಚ್ಚರಿಯ ಸಾಮ್ಯವಿದೆ. ನಮ್ಮ ಕೃತ್ತಿಕೆ, ಜಪಾನಿನ ಸುಬರು, ನ್ಯೂಜಿಲೆಂಡಿನ ಮಾವೊರಿಗಳ ಮತಾರಿಕಿ, ಗ್ರೀಕರ ಏಳು ಅಕ್ಕತಂಗಿಯರು, ಎಲ್ಲವೂ ಒಂದೇ ಗೊಂಚಲು. 2022ರಲ್ಲಿ ಚಾರ್ಲ್ಸ್ ಕೆಂಪ್ ಮತ್ತು ಸಂಗಡಿಗರು 27 ಸಂಸ್ಕೃತಿಗಳ ನಕ್ಷತ್ರಪುಂಜಗಳನ್ನು ಒಟ್ಟಿಗಿಟ್ಟು ಅಧ್ಯಯನ ಮಾಡಿದರು. ಯಾವ ಪುರಾಣವನ್ನೂ ಅರಿಯದ ಒಂದು ಕಂಪ್ಯೂಟರ್ ಮಾದರಿಗೆ ನಕ್ಷತ್ರಗಳ ಹೊಳಪನ್ನೂ ಅವುಗಳ ನಡುವಿನ ಅಂತರವನ್ನೂ ಮಾತ್ರ ಕೊಟ್ಟರು. ಅದು ಕೃತ್ತಿಕೆಯನ್ನು, ಸಪ್ತರ್ಷಿ ಮಂಡಲವನ್ನು, ಮಹಾವ್ಯಾಧನ ನಡುಪಟ್ಟಿಯನ್ನು, ತ್ರಿಶಂಕುವನ್ನು ತಾನಾಗಿಯೇ ಗುಂಪು ಮಾಡಿತು. ಹತ್ತಿರ ಹತ್ತಿರ ಇರುವ, ಹೊಳಪಿನ ಚುಕ್ಕಿಗಳನ್ನು ಒಟ್ಟಾಗಿ ಕಾಣುವುದು ಮನುಷ್ಯನ ಕಣ್ಣಿನ ಸಹಜ ಗುಣ. ಹಾಗಾಗಿ ಒಬ್ಬರನ್ನೊಬ್ಬರು ಕಂಡೇ ಇರದ ಜನರೂ ಅದೇ ಗುಂಪುಗಳನ್ನು ಆರಿಸಿಕೊಂಡರು.

ಎಮು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಅದನ್ನು ಕಾಣಬೇಕಾದರೆ ಚುಕ್ಕಿಗಳನ್ನು ಬಿಟ್ಟು ಕತ್ತಲನ್ನು ನೋಡಬೇಕು.

ಆ ಕತ್ತಲು ಖಾಲಿ ಜಾಗವಲ್ಲ. ವಿಲಿಯಂ ಹರ್ಷೆಲ್‌ನಂಥ ದೊಡ್ಡ ವೀಕ್ಷಕನೇ 18ನೇ ಶತಮಾನದಲ್ಲಿ ಇಂಥ ಕಪ್ಪು ಜಾಗಗಳನ್ನು ಆಕಾಶದಲ್ಲಿನ ತೂತುಗಳೆಂದು ಭಾವಿಸಿದ್ದ. ಅಮೆರಿಕದ ಎಡ್ವರ್ಡ್ ಬರ್ನಾರ್ಡ್ ವರ್ಷಗಟ್ಟಲೆ ಆಕಾಶಗಂಗೆಯ ಫೋಟೋ ತೆಗೆದು 1919ರಲ್ಲಿ 182 ಕಪ್ಪು ಕಲೆಗಳ ಪಟ್ಟಿ ಪ್ರಕಟಿಸಿದ. ಅವು ಬೆಳಕಿಗೆ ಅಡ್ಡ ನಿಂತಿರುವ ಮೋಡಗಳೆಂಬುದು ಮೆಲ್ಲಗೆ ಖಚಿತವಾಯಿತು. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ದೂರದ ನಕ್ಷತ್ರಗುಚ್ಛಗಳು ಇರಬೇಕಾದ್ದಕ್ಕಿಂತ ಮಂಕಾಗಿವೆಯೆಂದು ತೋರಿಸಿ, ನಕ್ಷತ್ರಗಳ ನಡುವೆ ದೂಳಿದೆಯೆಂಬುದನ್ನು ನಿಸ್ಸಂಶಯ ಮಾಡಿದ. ಕೋಲ್‌ಸ್ಯಾಕ್ ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿರುವ, ಅನಿಲ ಮತ್ತು ದೂಳಿನ ತಣ್ಣನೆಯ ಮೋಡ. ಅದರ ಬಹುತೇಕ ಕಣಗಳು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಸಣ್ಣವು. ಅವು ಹಿಂದಿನ ನಕ್ಷತ್ರಗಳ ಬೆಳಕನ್ನು ಹೀರಿ, ಚದುರಿಸಿ ನಮ್ಮತ್ತ ಬಾರದಂತೆ ಮಾಡುತ್ತವೆ. ಅವಕೆಂಪು ಕಿರಣಗಳು ಇವನ್ನು ದಾಟಿ ಬರುತ್ತವೆ, ಆದ್ದರಿಂದ ಅವಕೆಂಪು ದೂರದರ್ಶಕದಲ್ಲಿ ನೋಡಿದರೆ ಎಮುವಿನ ಹಿಂದೆ ಅಡಗಿದ್ದ ನಕ್ಷತ್ರಗಳು ಗೋಚರಿಸುತ್ತವೆ. ಇಂಥ ಮೋಡಗಳು ಕುಸಿದಾಗಲೇ ಹೊಸ ನಕ್ಷತ್ರಗಳು ಹುಟ್ಟುತ್ತವೆ.

ಇನ್ನು ನೆಲದ ಎಮುವನ್ನು ನೋಡೋಣ, ಏಕೆಂದರೆ ಅದರ ಬದುಕು ತಿಳಿಯದೆ ಆಕಾಶದ ಎಮು ಅರ್ಥವಾಗದು. ಉಷ್ಟ್ರಪಕ್ಷಿಯನ್ನು ಬಿಟ್ಟರೆ ಈಗ ಬದುಕಿರುವ ಹಕ್ಕಿಗಳಲ್ಲಿ ಇಷ್ಟು ಎತ್ತರದ್ದು ಬೇರೆಯಿಲ್ಲ. ದೊಡ್ಡ ಹಕ್ಕಿ ಹತ್ತಿರ ಹತ್ತಿರ ಎರಡು ಮೀಟರ್ ಬೆಳೆಯುತ್ತದೆ. ಹಾರಲಾರದು, ಆದರೆ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಸಂಗಾತಿಗಾಗಿ ಮುಂದಾಗುವವಳು ಹೆಣ್ಣು. ಕತ್ತಿನಲ್ಲಿರುವ ಗಾಳಿಚೀಲದಿಂದ ನಗಾರಿಯಂಥ ತಗ್ಗುದನಿ ಹೊರಡಿಸಿ ಗಂಡನ್ನು ಹಿಂಬಾಲಿಸುತ್ತಾಳೆ. ಕಡುಹಸಿರು ಬಣ್ಣದ ಮೊಟ್ಟೆಗಳನ್ನಿಟ್ಟ ಮೇಲೆ ಕಾವು ಕೊಡುವ ಹೊಣೆ ಪೂರ್ತಿ ಗಂಡಿನದು. ಅವನು ಸುಮಾರು ಎಂಟು ವಾರ ಗೂಡು ಬಿಟ್ಟು ಅಲ್ಲಾಡುವುದೇ ಅಪರೂಪ. ತಿನ್ನುವುದಿಲ್ಲವೆಂದೇ ಹೇಳಬೇಕು, ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆ ಬದುಕಿ ತೂಕದ ಮೂರನೇ ಒಂದು ಭಾಗದವರೆಗೂ ಕಳೆದುಕೊಳ್ಳುತ್ತಾನೆ. ಮರಿಗಳು ಹೊರಬಂದ ಮೇಲೂ ತಿಂಗಳುಗಟ್ಟಲೆ ಅವುಗಳ ಕಾವಲು ಅವನದೇ. ಇದೆಲ್ಲ ಶುರುವಾಗುವುದು ಹಗಲು ಕುಗ್ಗತೊಡಗಿದಾಗ. ದಕ್ಷಿಣಾರ್ಧಗೋಳದಲ್ಲಿ ಅದು ವರ್ಷದ ಮೊದಲ ಭಾಗ.

ಏಪ್ರಿಲ್–ಮೇ ತಿಂಗಳುಗಳ ಮುಸ್ಸಂಜೆ ಕಳೆದ ಮೇಲೆ ಆಕಾಶದ ಎಮು ಆಗ್ನೇಯ ದಿಕ್ಕಿನಲ್ಲಿ ಉದ್ದಕ್ಕೆ ಚಾಚಿಕೊಂಡು ಕಾಣುತ್ತದೆ, ಕಾಲುಗಳು ಓಡುವ ಭಂಗಿಯಲ್ಲಿರುತ್ತವೆ. ಗಂಡನ್ನು ಅಟ್ಟಿಕೊಂಡು ಹೋಗುವ ಹೆಣ್ಣು ಅದು ಎನ್ನುತ್ತಾರೆ ಕಮಿಲರಾಯ್ ಹಿರಿಯರು. ಜೂನ್–ಜುಲೈಯಲ್ಲಿ ಚಿತ್ರ ಮೇಲೇರುತ್ತದೆ, ಕಾಲುಗಳು ಮಾಸುತ್ತವೆ. ಈಗ ಅದು ಗೂಡಿನಲ್ಲಿ ಕೂತ ಗಂಡು, ನೆಲದ ಮೇಲೆ ಮೊಟ್ಟೆ ಸಿಗುವ ಕಾಲ. ನವೆಂಬರಿನ ಹೊತ್ತಿಗೆ ಅದು ದಿಗಂತಕ್ಕೆ ತಾಗಿ ಬಾಗಿರುತ್ತದೆ. ಎಮು ನೀರಿನ ಹೊಂಡದಲ್ಲಿ ಕೂತಿದೆ, ಹೊಂಡಗಳಲ್ಲಿ ನೀರಿದೆ ಎಂದರ್ಥ. ಬೇಸಿಗೆ ಮುಗಿಯುವಷ್ಟರಲ್ಲಿ ಅದು ಹೊಂಡ ಬಿಟ್ಟು ಹೋಗಿರುತ್ತದೆ, ನೆಲದ ಹೊಂಡಗಳೂ ಒಣಗಿರುತ್ತವೆ. ರಾಬರ್ಟ್ ಫುಲ್ಲರ್ ಮತ್ತು ಸಹೋದ್ಯೋಗಿಗಳು ಇದನ್ನೆಲ್ಲ ಆ ಸಮುದಾಯದವರಿಂದಲೇ ಕೇಳಿ ದಾಖಲಿಸಿ 2014ರಲ್ಲಿ ಪ್ರಕಟಿಸಿದರು. ಹಕ್ಕಿಯ ಸಂತಾನಚಕ್ರ, ಆಹಾರದ ಹಂಗಾಮು, ನೀರಿನ ಸ್ಥಿತಿ ಮೂರನ್ನೂ ಒಂದೇ ಆಕೃತಿಯ ಚಲನೆಗೆ ಜೋಡಿಸಿ, ಬರಹವಿಲ್ಲದೆ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ಈ ಜ್ಞಾನವನ್ನು ವಿಜ್ಞಾನವೆನ್ನಲು ನನಗೆ ಯಾವ ಅಳುಕೂ ಇಲ್ಲ.

ಸಿಡ್ನಿಯ ಉತ್ತರಕ್ಕಿರುವ ಕುರಿಂಗೈ ಚೇಸ್ ರಾಷ್ಟ್ರೀಯ ಉದ್ಯಾನದ ಬಂಡೆಯೊಂದರ ಮೇಲೆ ಕೊರೆದ ಎಮುವಿದೆ. ನಿಂತ ಹಕ್ಕಿಗೆ ಹೊಂದದಂತೆ ಅದರ ಕಾಲುಗಳು ಹಿಂದಕ್ಕೆ ಎಳೆದುಕೊಂಡಿವೆ, ಆಕಾಶದ ಎಮುವಿನಲ್ಲಿ ಇರುವ ಹಾಗೆಯೇ. ಶರತ್ಕಾಲದ ಸಂಜೆಗಳಲ್ಲಿ ಆಕಾಶದ ಚಿತ್ರ ಬಂಡೆಯ ಚಿತ್ರಕ್ಕೆ ನೇರ ಮೇಲೆ, ಅದೇ ದಿಕ್ಕಿಗೆ ಬಂದು ನಿಲ್ಲುತ್ತದೆ. ಖಗೋಳ ವಿಜ್ಞಾನಿ ರೇ ನಾರಿಸ್ ಈ ಹೊಂದಿಕೆಯ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಇದೇ ಕಪ್ಪು ಪಟ್ಟಿಯಲ್ಲಿ ಆಂಡಿಸ್ ಪರ್ವತಗಳ ಕೆಚುವಾ ಜನ ಕಂಡದ್ದು ತಾಯಿ ಲಾಮಾವನ್ನೂ ಅದರ ಮರಿಯನ್ನೂ. ಆಲ್ಫಾ ಮತ್ತು ಬೀಟಾ ಸೆಂಟಾರಿ ಆ ಲಾಮಾದ ಕಣ್ಣುಗಳು. ಅಕ್ಕಪಕ್ಕದಲ್ಲಿ ಕಪ್ಪೆ, ಹಾವು, ನರಿಗಳೂ ಇವೆ. ಅಲ್ಲಿ ಎಮು ಇಲ್ಲ, ಆಸ್ಟ್ರೇಲಿಯದಲ್ಲಿ ಲಾಮಾ ಇಲ್ಲ.

ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1922ರಲ್ಲಿ ಒಪ್ಪಿದ 88 ಪುಂಜಗಳಲ್ಲಿ ಕತ್ತಲ ಆಕೃತಿಗೆ ಜಾಗವಿಲ್ಲ. ಆ ನಕ್ಷೆಯ ಗಡಿಗೆರೆಗಳು ಎಮುವನ್ನು ತುಂಡುತುಂಡಾಗಿ ಹಲವು ಪುಂಜಗಳಿಗೆ ಹಂಚಿಬಿಟ್ಟಿವೆ. ಬಿಡಿ ನಕ್ಷತ್ರಗಳ ವಿಷಯದಲ್ಲಿ ಸ್ವಲ್ಪ ಬದಲಾವಣೆಯಾಗಿದೆ. 2017ರಲ್ಲಿ ಒಕ್ಕೂಟ ತ್ರಿಶಂಕುವಿನ ಐದನೆಯ ನಕ್ಷತ್ರಕ್ಕೆ ಆಸ್ಟ್ರೇಲಿಯದ ವರ್ದಮನ್ ಜನರ ಹೆಸರಾದ ‘ಗಿನಾನ್’ ಅನ್ನು ಅಧಿಕೃತವಾಗಿ ಒಪ್ಪಿತು. ಇಂಥ ಒಪ್ಪಿಗೆ ಇನ್ನೂ ಹೆಚ್ಚಬೇಕು.

ಕರ್ನಾಟಕದಿಂದಲೂ ಈ ಎಮು ಕಾಣುತ್ತದೆ. ಬೆಂಗಳೂರಿನ ಅಕ್ಷಾಂಶದಲ್ಲಿ ತ್ರಿಶಂಕು ದಿಗಂತದಿಂದ ಸುಮಾರು 17 ಡಿಗ್ರಿ ಮೇಲೇರುತ್ತದೆ. ಮೇ ತಿಂಗಳ ಅಮಾವಾಸ್ಯೆಯ ಆಸುಪಾಸು, ನಡುರಾತ್ರಿಯ ಹೊತ್ತಿಗೆ, ಊರ ದೀಪಗಳಿಂದ ದೂರ ಹೋಗಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ತಲೆಯಿಂದ ಮೈಯವರೆಗೆ ಪೂರ್ತಿ ಹುಡುಕಬಹುದು. ನಮ್ಮ ರೈತರ ಮಳೆನಕ್ಷತ್ರಗಳ ಕ್ರಮ ಇದಕ್ಕಿಂತ ಬೇರೆ ಬಗೆಯದು. ಮೃಗಶಿರ ಮಳೆಯೆಂದರೆ ಸೂರ್ಯ ಆ ನಕ್ಷತ್ರದಲ್ಲಿರುವ ಕಾಲ, ಆಗ ಮೃಗಶಿರ ಕಣ್ಣಿಗೆ ಕಾಣುವುದೇ ಇಲ್ಲ. ಎಮುವಿನದು ಕಣ್ಣಾರೆ ನೋಡಿ ಓದುವ ಪಂಚಾಂಗ.

ಆದರೆ ಆ ಪಂಚಾಂಗವನ್ನು ಇಲ್ಲಿಗೆ ತಂದರೆ ಕೆಲಸ ಮಾಡುವುದಿಲ್ಲ. ಕೆಲವು ವರ್ಷಗಳ ಹಿಂದೆ ದಕ್ಷಿಣ ಭಾರತದಲ್ಲಿ ಎಮು ಸಾಕಣೆಯ ಹುಮ್ಮಸ್ಸು ಎದ್ದಿತ್ತು. ಆ ಹಕ್ಕಿಗಳು ಇಲ್ಲಿಯೂ ಹಗಲು ಕುಗ್ಗುವುದನ್ನೇ ಅನುಸರಿಸಿದವು, ಹಾಗಾಗಿ ಮೊಟ್ಟೆಯಿಟ್ಟದ್ದು ನಮ್ಮ ಚಳಿಗಾಲದಲ್ಲಿ. ಡಿಸೆಂಬರಿನಲ್ಲಿ ಸೂರ್ಯ ವೃಶ್ಚಿಕ ಮತ್ತು ಧನುವಿನ ಸೀಮೆಯಲ್ಲಿರುತ್ತಾನೆ, ಆಕಾಶದ ಎಮುವಿನ ಮೈ ಅವನ ಜೊತೆಗೇ ಹಗಲಲ್ಲಿ ಹುಟ್ಟಿ ಹಗಲಲ್ಲೇ ಮುಳುಗುತ್ತದೆ.