ಬೋರ್‌ವೆಲ್ ನೀರು ಕುದಿಸಿದರೆ ಫ್ಲೋರೈಡ್ ಹೋಗುತ್ತದೆಯೇ?

‘ಬೋರ್‌ವೆಲ್ ನೀರನ್ನು ಹತ್ತು ನಿಮಿಷ ಕುದಿಸಿ ಕುಡಿಯಿರಿ, ಯಾವ ಕಾಯಿಲೆಯೂ ಹತ್ತಿರ ಸುಳಿಯುವುದಿಲ್ಲ.’ ಬೇಸಿಗೆ ಬಂತೆಂದರೆ ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡತೊಡಗುತ್ತವೆ. ಇದರಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ಮಕ್ಕಳ ಹಲ್ಲು, ಮೂಳೆಗಳಿಗೆ ಪೆಟ್ಟು ಬೀಳಬಹುದು. ಯಾವುದು ನಿಜ, ಯಾವುದಲ್ಲ ಎಂದು ನೋಡೋಣ.

ಕುದಿಸಿದಾಗ ಆಗುವುದೇನು?

ನೀರು ಕೊತಕೊತ ಕುದಿದರೆ ವಾಂತಿ, ಭೇದಿ, ಟೈಫಾಯಿಡ್ ತರುವ ರೋಗಾಣುಗಳು ಸಾಯುತ್ತವೆ. ಅಷ್ಟರಮಟ್ಟಿಗೆ ಸಂದೇಶ ಸರಿ. ಆದರೆ ಫ್ಲೋರೈಡ್ ಜೀವಿಯಲ್ಲ, ಕಲ್ಲಿನಿಂದ ನೀರಿಗೆ ಇಳಿದ ಲವಣ. ಅದು ಸಾಯುವುದೂ ಇಲ್ಲ, ಆವಿಯಾಗಿ ಹೋಗುವುದೂ ಇಲ್ಲ.

ಸಾರು ಕುದಿದು ಬತ್ತಿದರೆ ಉಪ್ಪು ಜಾಸ್ತಿಯಾಗುತ್ತದಲ್ಲ, ಇಲ್ಲಿ ಆಗುವುದೂ ಅದೇ. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ಇರುವ 4 ಲೀಟರ್ ನೀರನ್ನು 3 ಲೀಟರ್ ಆಗುವವರೆಗೆ ಕುದಿಸಿದರೆ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ.

ಎಷ್ಟಿದ್ದರೆ ಅಪಾಯ?

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಗು ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರು ಕುಡಿಯುತ್ತಿದ್ದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಕಲೆ ಮೂಡುತ್ತವೆ. ಎಷ್ಟು ಉಜ್ಜಿದರೂ ಅವು ಹೋಗುವುದಿಲ್ಲ. ಫ್ಲೋರೈಡ್ ಇನ್ನೂ ಹೆಚ್ಚಿದ್ದು, ಅಂಥ ನೀರನ್ನೇ ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ, ಮೂಳೆ ಸೊಟ್ಟಗಾಗಬಹುದು. ಹೀಗೆ ಕೆಟ್ಟ ಮೂಳೆಯನ್ನು ಮೊದಲಿನಂತೆ ಮಾಡುವ ಔಷಧಿ ಇಲ್ಲ. ಬಾರದಂತೆ ತಡೆಯುವುದೊಂದೇ ದಾರಿ.

ತಾಮ್ರದ ಚೊಂಬು, ಟಿಡಿಎಸ್ ಮೀಟರ್, ಆರ್‌ಒ?

ತಾಮ್ರದ ಪಾತ್ರೆಯಲ್ಲಿ ರಾತ್ರಿಯಿಡೀ ಇಟ್ಟ ನೀರಿನಲ್ಲಿ ಕೆಲವು ಬ್ಯಾಕ್ಟೀರಿಯಾ ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರ್ ಬಳಸಿದರೂ ಅಷ್ಟೆ.

ಟಿಡಿಎಸ್ ಮೀಟರ್ ತೋರಿಸುವುದು ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಂದಾಜನ್ನು ಮಾತ್ರ. ಅದರಲ್ಲಿ ಫ್ಲೋರೈಡ್ ಎಷ್ಟೆಂದು ಅದು ಹೇಳದು. ಫ್ಲೋರೈಡಿಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ್ದರಿಂದ ‘ನಮ್ಮ ನೀರು ಸಿಹಿಯಾಗಿದೆ’ ಎಂಬ ಧೈರ್ಯವೂ ಸಾಲದು.

ಸುಸ್ಥಿತಿಯಲ್ಲಿರುವ ಆರ್‌ಒ ಯಂತ್ರ ಫ್ಲೋರೈಡನ್ನು ಬಹುಪಾಲು ತೆಗೆಯುತ್ತದೆ. ಆದರೆ ಹಲವು ಮನೆಗಳಲ್ಲಿ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಕುಡಿಯಲು ಮಾತ್ರ. ಅನ್ನ, ಸಾರು, ಕಾಫಿಗೆ ಬೋರ್‌ವೆಲ್ ನೀರೇ. ಹಾಗೆ ಮಾಡಿದರೆ ಫ್ಲೋರೈಡ್ ಅಡುಗೆಯ ಮೂಲಕ ಹೊಟ್ಟೆ ಸೇರುತ್ತದೆ. ಅಡುಗೆಗೂ ಅದೇ ಶುದ್ಧ ನೀರು ಬಳಸಿ.

ಬರಕ್ಕೂ ಇದಕ್ಕೂ ಏನು ಸಂಬಂಧ?

ಪಾವಗಡ, ಶಿರಾ, ಬಾಗೇಪಲ್ಲಿ, ಮುಂಡರಗಿಯಂಥ ಒಣಸೀಮೆಯ ತಾಲ್ಲೂಕುಗಳಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಇಂಥ ಕಡೆ ಮಳೆ ಕೈಕೊಟ್ಟು ಕೆರೆ ಬತ್ತಿದರೆ ಅಂತರ್ಜಲ ಕುಸಿಯುತ್ತದೆ, ಬೋರ್‌ವೆಲ್ ಇನ್ನೂ ಆಳಕ್ಕೆ ಹೋಗುತ್ತದೆ. ಆಳದ ನೀರು ಬಹುಕಾಲ ಕಲ್ಲಿನ ಸಂದಿಯಲ್ಲೇ ನಿಂತಿರುವುದರಿಂದ ಅದರಲ್ಲಿ ಫ್ಲೋರೈಡ್ ಹೆಚ್ಚಿರುವುದುಂಟು. ಬಿಸಿಲು ಏರಿದಂತೆ ನಾವು ಕುಡಿಯುವ ನೀರೂ ಹೆಚ್ಚುತ್ತದೆ. ಮಳೆನೀರಿನಲ್ಲಾದರೋ ಫ್ಲೋರೈಡ್ ತೀರಾ ಕಡಿಮೆ. ಹಾಗಾಗಿ ಕೆರೆಯ ಹೂಳು ತೆಗೆಸುವುದು, ಚಾವಣಿಯ ಮಳೆನೀರು ಹಿಡಿದಿಡುವುದು ಆರೋಗ್ಯದ ಕೆಲಸವೂ ಹೌದು, ಹವಾಮಾನ ಬದಲಾವಣೆಯನ್ನು ಎದುರಿಸುವ ಕೆಲಸವೂ ಹೌದು.

ಒಂದು ಕಣದಲ್ಲಿ 480 ಅಭ್ಯರ್ಥಿಗಳು

ಇದು ಒಂದು ಮನೆಯ ಒಲೆಯ ಮೇಲೆ ಬಗೆಹರಿಯುವ ಸಮಸ್ಯೆಯಲ್ಲ ಎಂಬುದನ್ನು ನಲ್ಗೊಂಡದ ಜನ ಬಹಳ ಹಿಂದೆಯೇ ಕಂಡುಕೊಂಡಿದ್ದರು. ಈಗ ತೆಲಂಗಾಣದಲ್ಲಿರುವ ಆ ಜಿಲ್ಲೆ ದೇಶದಲ್ಲೇ ಫ್ಲೋರೈಡಿನಿಂದ ಹೆಚ್ಚು ನೊಂದ ಪ್ರದೇಶಗಳಲ್ಲೊಂದು. 1996ರ ಲೋಕಸಭಾ ಚುನಾವಣೆಯಲ್ಲಿ ಆ ಒಂದೇ ಕ್ಷೇತ್ರದಲ್ಲಿ 480 ಅಭ್ಯರ್ಥಿಗಳಿದ್ದರು. ಅವರಲ್ಲಿ ಬಹುಪಾಲು ಜನ ಗೆಲ್ಲಲೆಂದು ನಿಂತವರಲ್ಲ. ತಮ್ಮ ಊರಿನ ನೀರಿನತ್ತ ದೇಶ ತಿರುಗಿ ನೋಡಲಿ ಎಂದು ನಿಂತವರು. ಮತಪತ್ರವನ್ನು ಪುಸ್ತಕದಂತೆ ಅಚ್ಚು ಹಾಕಿಸಬೇಕಾಯಿತು. ಅವರು ಕೇಳಿದ್ದು ಮನೆಮದ್ದನ್ನಲ್ಲ, ಬೇರೆ ನೀರನ್ನು. ಕೃಷ್ಣಾ ನದಿಯ ನೀರು ಕೊಳವೆಗಳಲ್ಲಿ ಹಳ್ಳಿ ಮುಟ್ಟಲು ವರ್ಷಗಳೇ ಹಿಡಿದವು, ಆದರೆ ಮುಟ್ಟಿತು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಶಾಶ್ವತ ನೀರಾವರಿಗಾಗಿ ನಡೆದಿರುವ ದೀರ್ಘ ಹೋರಾಟದ ಹಿಂದೆಯೂ ಫ್ಲೋರೈಡಿನ ಈ ನೋವಿದೆ.

ನೀವು ಏನು ಮಾಡಬಹುದು?

1. ಮೊದಲು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ನೀರಿನ ಪರೀಕ್ಷಾ ಕಿಟ್ ಇದೆಯೇ ಎಂದು ವಿಚಾರಿಸಿ. ಸಂಶಯವಿದ್ದರೆ ಸರ್ಕಾರಿ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ.

2. ವರದಿಯನ್ನು ಬರಹದಲ್ಲಿ ಪಡೆಯಿರಿ. ಯಾವ ಬೋರ್‌ವೆಲ್, ಯಾವ ದಿನಾಂಕ, ಫ್ಲೋರೈಡ್ ಎಷ್ಟು ಎಂಬುದು ಅದರಲ್ಲಿರಲಿ.

3. ಅದನ್ನು ಗ್ರಾಮಸಭೆಯಲ್ಲಿ ಇಟ್ಟು, ಪಿಡಿಒಗೆ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ‘ನೀರು ಸರಿಯಿಲ್ಲ’ ಎಂಬ ದೂರನ್ನು ತಳ್ಳಿಹಾಕುವುದು ಸುಲಭ, ಅಂಕಿ ಇರುವ ವರದಿಯನ್ನಲ್ಲ.

4. ಅಂಗನವಾಡಿ ಮತ್ತು ಶಾಲೆಗೆ ಮೊದಲು ಸುರಕ್ಷಿತ ನೀರು ಕೇಳಿ. ಹಾನಿ ಶುರುವಾಗುವುದೇ ಆ ವಯಸ್ಸಿನಲ್ಲಿ.

ಫಾರ್ವರ್ಡ್ ಮಾಡಲೇಬೇಕೆಂದರೆ ಈ ನಾಲ್ಕು ಮಾತು ಮಾಡಿ: ಕುದಿಸಿದರೆ ರೋಗಾಣು ಸಾಯುತ್ತವೆ. ಫ್ಲೋರೈಡ್ ಹೋಗುವುದಿಲ್ಲ. ನಿಮ್ಮ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ. ವರದಿ ಹಿಡಿದು ಊರವರೆಲ್ಲ ಒಟ್ಟಾಗಿ ಒಳ್ಳೆಯ ನೀರು ಕೇಳಿ.