ಯರಗಟ್ಟಿಗೆ ಅಕ್ಷರ ಎಷ್ಟು?
ಸಿ ಕಲಿಯಲು ಕೂತವರ ನಾಲ್ಕು ಪ್ರಶ್ನೆಗಳು

ಯರಗಟ್ಟಿ ಕಡೆಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಎಂಜಿನಿಯರಿಂಗ್ ಓದಲು ಹೋದ ಮಕ್ಕಳಿಗೆ ಲ್ಯಾಬಿನಲ್ಲಿ ಮೊದಲು ಎದುರಾಗುವ ಪ್ರೋಗ್ರಾಮಿಂಗ್ ಭಾಷೆ ಹೆಚ್ಚಾಗಿ ಸಿ. ಪುಸ್ತಕದಲ್ಲಿದ್ದ ‘ಹಲೋ ವರ್ಲ್ಡ್’ ಸಲೀಸಾಗಿ ಓಡುತ್ತದೆ. ತಮ್ಮದೇ ಲೆಕ್ಕ ಮಾಡಿಸಲು ಹೊರಟಾಗ ತೊಡಕು ಶುರು. “ಸರ್, ಬರೆದದ್ದು ಬರೋಬ್ಬರಿ ಐತ್ರೀ, ಉತ್ತರಾನ ತಪ್ಪು ಬರಾಕತ್ತೈತಿ!” ಬಹುತೇಕ ಸಲ ಯಂತ್ರ ತಪ್ಪಿರುವುದಿಲ್ಲ. ಅದು ಎಣಿಸುವ ಬಗೆ ಬೇರೆ, ಅಷ್ಟೇ.

1. ಏಳನ್ನು ಎರಡರಿಂದ ಭಾಗಿಸಿದರೆ 3 ಯಾಕೆ?

ಎರಡು ಎಕರೆಗೆ ಏಳು ಕ್ವಿಂಟಲ್ ಕಡಲೆ ಬಂದರೆ ಎಕರೆಗೆ ಮೂರೂವರೆ ಎಂದು ಅಜ್ಜನೂ ಹೇಳುತ್ತಾನೆ. ಸಿ ಮಾತ್ರ 7/2 ಎಂದರೆ 3 ಅನ್ನುತ್ತದೆ. ಎರಡೂ ಪೂರ್ಣಾಂಕವಾದರೆ ಉತ್ತರವೂ ಪೂರ್ಣಾಂಕ. ಉಳಿದ ಅರ್ಧ ಹೋಯಿತು. ಉತ್ತರ ಹಿಡಿಯಲು ದಶಮಾಂಶ ಸಂಖ್ಯೆಯ ‘ಫ್ಲೋಟ್’ ಇಟ್ಟರೂ 3.000000 ಎಂದೇ ಬರುತ್ತದೆ, ಯಾಕೆಂದರೆ ಫ್ಲೋಟಿಗೆ ತುಂಬುವ ಮೊದಲೇ ಭಾಗಾಕಾರ ಮುಗಿದಿರುತ್ತದೆ. 7/2.0 ಎಂದು ಬರೆಯಿರಿ, 3.5 ಸಿಗುತ್ತದೆ.

2. ಹತ್ತಿ ಮಾರಿದ ದುಡ್ಡು ಮೈನಸ್ ಆದದ್ದು ಹೇಗೆ?

ಕ್ವಿಂಟಲಿಗೆ 6000 ರೂಪಾಯಿಯಂತೆ 6 ಕ್ವಿಂಟಲ್ ಹತ್ತಿ: 36000. ಹಳೆಯ ಟರ್ಬೊ ಸಿಯ ನೀಲಿ ಪರದೆಯ ಮೇಲೆ ಇದೇ ಗುಣಾಕಾರ ಮಾಡಿಸಿದರೆ ಬರುವುದು -29536! ಬೋರ್ಲ್ಯಾಂಡ್ ಕಂಪನಿ 1987ರಲ್ಲಿ ತಂದ ಆ ತಂತ್ರಾಂಶದಲ್ಲಿ ಪೂರ್ಣಾಂಕ ಇಡುವ ‘ಇಂಟ್’ಗೆ ಎರಡೇ ಬೈಟ್ ಜಾಗ, ಅದರಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 32767. ಅದನ್ನು ದಾಟಿದರೆ ಗಾಲಿ ತಿರುಗಿದಂತೆ -32768ಕ್ಕೆ ಹೋಗಿ ಅಲ್ಲಿಂದ ಮೇಲೇರುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಇಂಟ್‌ಗೆ ನಾಲ್ಕು ಬೈಟ್. ಅಲ್ಲಿ ಮಿತಿ ಇನ್ನೂರು ಕೋಟಿಯ ಆಚೆ.

3. ಅರೇಯ ಎಣಿಕೆ ಸೊನ್ನೆಯಿಂದ ಯಾಕೆ?

ಅರೇ ಎಂದರೆ ಸಾಲಾಗಿ ಜೋಡಿಸಿದ ಮನೆಗಳು. ಅದರ ಅಂಕಿ ಕ್ರಮಸಂಖ್ಯೆಯಲ್ಲ, ದೂರ. ಶುರುವಿನಿಂದ ಎಷ್ಟು ಮನೆ ದಾಟಬೇಕು ಎಂಬ ಲೆಕ್ಕ ಅದು. ಬಸ್ ಸ್ಟ್ಯಾಂಡಿನಲ್ಲೇ ನಿಂತವನಿಗೆ ಬಸ್ ಸ್ಟ್ಯಾಂಡು ಎಷ್ಟು ದೂರ? ಸೊನ್ನೆ. ಹಾಗಾಗಿ ಐದು ಮನೆಯ ಅರೇಯಲ್ಲಿ ಕೊನೆಯ ಮನೆ 4. 5 ಎಂಬ ಅಂಕಿ ಕೊಟ್ಟರೆ ಸಿ ಬೇಡ ಎನ್ನುವುದಿಲ್ಲ. ಒಡ್ಡು ದಾಟಿ ಪಕ್ಕದವರ ಹೊಲದಲ್ಲಿ ಬಿತ್ತಿ ಬರುತ್ತದೆ. ಬೆಳೆ ಕೆಟ್ಟದ್ದು ಆಮೇಲೆ, ಬೇರೆಲ್ಲೋ ಗೊತ್ತಾಗುತ್ತದೆ.

4. ‘ಯರಗಟ್ಟಿ’ಯ ಉದ್ದ 21 ಹೇಗೆ?

ಊರಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಕೊಟ್ಟು ಉದ್ದ ಹೇಳುವ ‘ಸ್ಟ್ರಲೆನ್’ ಕೇಳಿದರೆ 9. ಸರಿಯೇ. ಕನ್ನಡದಲ್ಲಿ ಕೊಟ್ಟರೆ ಇಂದಿನ ಬಹುತೇಕ ಕಂಪ್ಯೂಟರುಗಳಲ್ಲಿ 21! ಬಾಯಲ್ಲಿ ಎಣಿಸಿ ನೋಡಿ: ಯ, ರ, ಗ, ಟ್ಟಿ. ನಾಲ್ಕೇ ಅಕ್ಷರ. ಆದರೆ ಲಿಪಿಗಳಿಗೆ ಸಂಕೇತ ಕೊಡುವ ಯುನಿಕೋಡ್ ‘ಟ್ಟಿ’ಯನ್ನು ಬಿಡಿಸಿ ಇಡುತ್ತದೆ: ಟ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಟ, ಗುಡಿಸು. ಮೊದಲಿನ ಮೂರು ಸೇರಿ ಏಳು ಸಂಕೇತ. ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್. ಏಳು ಮೂರಲೆ ಇಪ್ಪತ್ತೊಂದು. ಹೆಸರು ಮುಗಿಯಿತೆಂದು ಸೂಚಿಸುವ ಸೊನ್ನೆಯ ಬೈಟೂ ಸೇರಿ ಅರೇಗೆ 22 ಮನೆ ಬೇಕು. ನಾಲ್ಕಕ್ಷರವಲ್ಲವೇ ಎಂದು ಐದು ಮನೆ ಕೊಟ್ಟು ಕೀಲಿಮಣೆಯಿಂದ ಓದಿಸಿದರೆ ಮತ್ತೆ ಪಕ್ಕದವರ ಹೊಲ!

1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ಸಿ ರೂಪಿಸುವಾಗ ಕನ್ನಡದ ಮಾತೇ ಇರಲಿಲ್ಲ. ಸಿ ಬೆಳೆದದ್ದು ಅವರ ಜೊತೆಗಾರ ಕೆನ್ ಥಾಂಪ್ಸನ್ ಮಾಡಿದ್ದ ‘ಬಿ’ ಭಾಷೆಯಿಂದ. ಅದೇ ಥಾಂಪ್ಸನ್ 1992ರಲ್ಲಿ ರಾಬ್ ಪೈಕ್ ಜೊತೆ ಸೇರಿ ಯುಟಿಎಫ್-8 ಹೊಸೆದರು. ಯಾವ ಅಕ್ಷರದ ನಡುವೆಯೂ ಸೊನ್ನೆಯ ಬೈಟ್ ನುಸುಳದಂತೆ ನೋಡಿಕೊಂಡರು. ಸಿ ನಿಲ್ಲುವುದು ಸೊನ್ನೆ ಕಂಡಾಗ ಮಾತ್ರ. ಹಾಗಾಗಿ ಕನ್ನಡದ ಗಂಧವೇ ಇಲ್ಲದ ‘ಪ್ರಿಂಟ್‌ಎಫ್’ 21 ಬೈಟನ್ನೂ ಒಂದೂ ಉದುರಿಸದೆ ಪರದೆಗೆ ದಾಟಿಸುತ್ತದೆ, ಯರಗಟ್ಟಿ ಯರಗಟ್ಟಿಯಾಗಿಯೇ ಮೂಡುತ್ತದೆ.

ಜಾಗ ಎಷ್ಟು ಹಿಡಿಯಿತು ಎಂದು ಕೇಳಿದರೆ ಸ್ಟ್ರಲೆನ್ ನಿಜವನ್ನೇ ಹೇಳುತ್ತದೆ. ಅಕ್ಷರ ಎಷ್ಟು ಎಂದು ಅದನ್ನು ಕೇಳಿದ್ದು ನಾವು.