ಜಾಯ್ಸ್ ಗೆಳೆಯ, ಕುವೆಂಪು ಹಿತೈಷಿ

ಐರ್ಲೆಂಡಿನ ಕಾದಂಬರಿಕಾರ ಜೇಮ್ಸ್ ಜಾಯ್ಸ್ ಹೆಸರು ಸಾಹಿತ್ಯಾಸಕ್ತರಿಗೆ ಗೊತ್ತು. 1904ರ ಜೂನ್ 16ರ ಒಂದೇ ದಿನದ ಡಬ್ಲಿನ್ ನಗರವನ್ನು ನೂರಾರು ಪುಟಗಳಲ್ಲಿ ತುಂಬಿಟ್ಟ ‘ಯುಲಿಸಿಸ್’ ಪ್ರಕಟವಾದದ್ದು 1922ರಲ್ಲಿ. ಆಧುನಿಕ ಕಾದಂಬರಿಯ ದಾರಿಯನ್ನೇ ಅದು ಬದಲಿಸಿತು. 1904ರ ಅದೇ ಜೂನ್‌ನಲ್ಲಿ, ಇನ್ನೂ ಹೆಸರು ಮಾಡದ ಜಾಯ್ಸ್‌ಗೆ ಕೆಲವು ದಿನ ಮನೆಯಲ್ಲಿ ಜಾಗ ಕೊಟ್ಟವರು ಕವಿ ಜೇಮ್ಸ್ ಕಸಿನ್ಸ್. ಕನ್ನಡಿಗರು ನೆನೆಯಲೇಬೇಕಾದ ಹೆಸರಿದು.

1873ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹುಟ್ಟಿದ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. ನಮ್ಮ ಬಳ್ಳಾರಿಯಂತೆಯೇ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಮದನಪಲ್ಲಿಯ ಕಾಲೇಜಿನಲ್ಲಿ ದುಡಿದರು. 1924ರಲ್ಲಿ ಅವರು ಮೈಸೂರಿಗೆ ಬಂದಾಗ ವಿದ್ಯಾರ್ಥಿಯೊಬ್ಬ ತನ್ನ ಇಂಗ್ಲಿಷ್ ಕವಿತೆಗಳನ್ನು ಹಿಡಿದು ಭೇಟಿಗೆ ಹೋದ. ಆತನೇ ಕುವೆಂಪು. ‘ಯುಲಿಸಿಸ್’ ಬಂದ ವರ್ಷವೇ ಅವರ ಇಂಗ್ಲಿಷ್ ಕವನಗಳ ಪುಸ್ತಕ ‘ಬಿಗಿನರ್ಸ್ ಮ್ಯೂಸ್’ ಅಚ್ಚಾಗಿತ್ತು.

ಕವಿತೆಗಳನ್ನು ನೋಡಿದ ಕಸಿನ್ಸ್, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಹೊಸ ಭಾವಗಳಿಗೆ ಕನ್ನಡ ಸಾಲದು ಎಂಬುದು ಹುಡುಗನ ವಾದ. ಯಾವ ಭಾಷೆಯೂ ತಾನಾಗಿ ಅಸಮರ್ಥವಲ್ಲ, ಬಳಸುವವರು ಅದನ್ನು ಬೆಳೆಸಬೇಕು ಎಂಬುದು ಹಿರಿಯರ ಉತ್ತರ. ಮುಂದೆ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಅದೇ ಹುಡುಗ.

ಆ ವಾದ ಇವತ್ತೂ ನಮ್ಮ ಬಾಯಲ್ಲಿದೆ. ‘ಥರ್ಮೋಡೈನಾಮಿಕ್ಸ್‌ನ ಕನ್ನಡದಾಗ ಹೇಳಾಕಾಗ್ತೈತಾ?’ ಎಂದು ನಾವೇ ನಗುತ್ತೇವೆ. ಬಿಇ ಓದುವಾಗ ಬರುವ ಕನ್ನಡ ವಿಷಯವನ್ನು ಪಾಸಾದರೆ ಸಾಕೆಂದು ಮುಗಿಸುತ್ತೇವೆ. ಸಿರುಗುಪ್ಪದ ಕಡೆಯ ಹುಡುಗ ಗದ್ದೆಗೆ ಕಾಲುವೆ ನೀರು ಬರುವ ಬಗೆಯನ್ನು ಸೊಗಸಾಗಿ ವಿವರಿಸಬಲ್ಲ. ಗ್ರೂಪ್ ಡಿಸ್ಕಷನ್‌ನಲ್ಲಿ ಕೂತರೆ ಉರು ಹೊಡೆದ ಎರಡು ಇಂಗ್ಲಿಷ್ ವಾಕ್ಯ ಹೇಳಿ ಸುಮ್ಮನಾಗುತ್ತಾನೆ. ಅವನಿಗೆ ವಿಷಯ ಗೊತ್ತಿಲ್ಲ ಎಂದು ಎದುರಿಗಿದ್ದವರು ತಿಳಿಯುತ್ತಾರೆ. ಕ್ರಮೇಣ ಅವನೂ ಹಾಗೇ ನಂಬುತ್ತಾನೆ. ನಷ್ಟ ಇರುವುದು ಅಲ್ಲಿ.

ಕೆಲಸಕ್ಕೆ ಇಂಗ್ಲಿಷ್ ಬೇಕು, ಕಲಿಯೋಣ. ಆದರೆ ಮೊದಲು ವಿಷಯವನ್ನು ನಮ್ಮ ಮಾತಿನಲ್ಲಿ ಗೆಳೆಯನಿಗೆ ತಿಳಿಸಿ, ಆಮೇಲೆ ಇಂಗ್ಲಿಷ್‌ನಲ್ಲಿ ಹೇಳಿ ನೋಡೋಣ. ಉರು ಹೊಡೆಯುವುದು ಎಷ್ಟೋ ತಪ್ಪುತ್ತದೆ.

ಇಂಗ್ಲಿಷ್‌ನಲ್ಲೇ ಬರೆದ ಜಾಯ್ಸ್ ಟ್ರಿಯೆಸ್ಟ್, ಜ್ಯೂರಿಕ್, ಪ್ಯಾರಿಸ್‌ಗಳಲ್ಲಿ ಬದುಕಿದರೂ ತನ್ನೂರು ಡಬ್ಲಿನ್ನನ್ನು ಬಿಟ್ಟು ಬರೆಯಲಿಲ್ಲ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ, ಕನ್ನಡ–ತೆಲುಗು ಬೆರೆತ ನಮ್ಮ ಬಸ್‌ಸ್ಟ್ಯಾಂಡ್ ಮಾತು, ಇವೂ ಬರೆಯುವವರಿಗಾಗಿ ಕಾದಿವೆ.